ಮೂರನೇ ಸಲ ತಟ್ಟುವ ಮುನ್ನ

ಮಾಧುರ್ಯಳ ಮದುವೆ ಕಾರ್ಡಿನಲ್ಲಿ
ಅರ್ಕಾವತ್ತು ಸಾಲು ದಾಟಿ ಕೆಳಗೆ ಬಿತ್ತು.
ಮೇಲೆ 'ಮಾಧುಯ', ಕೆಳಗೆ ಒಂಟಿ ಕೊಕ್ಕೆ,
ತಪ್ಪು ಸ್ಟಾಪಿನಲ್ಲಿ ಬಸ್ಸಿಳಿದ ಮಗುವಿನ ಹಾಗೆ.
ಮಂಡಿಪೇಟೆಯ ನಮ್ಮ ಪ್ರೆಸ್ಸಿನಲ್ಲಿ ಆ ಹೊತ್ತಿಗೆ
ಹೆಸರನ್ನೇ ಚಿತ್ರ ಮಾಡಿ ಅಂಟಿಸಿ
ಬೀಗರ ಕಣ್ಣು ದಾಟಿಸಿದೆ.

ಪುಟ ಕಟ್ಟುವ ಆ ತಂತ್ರಾಂಶ ಬಿಟ್ಟಿ,
ಅದರ ಕೋಡೂ ಬಯಲಿಗೇ ಇತ್ತು, ಯಾರು ಬೇಕಾದರೂ ಬಗ್ಗಿ ನೋಡಬಹುದು.
ಓದಲು ಕಲಿಯುವಷ್ಟರಲ್ಲಿ ಒಂದು ಮಳೆಗಾಲ, ಒಂದು ಚಳಿಗಾಲ.
ನಾಲ್ಕು ಸಾಲು ಬದಲಿಸಿ ಕಳಿಸಿದೆ.
ಹೆಸರು: ಮುಬೀನಾ, ದಾವಣಗೆರೆ.
ನೋಡಿ ಒಪ್ಪಬೇಕಾದವನು ಯೋನಾಸ್ ಎಂಬಾತ.
ಯಾವ ಊರೋ. ನಮ್ಮ ಹಗಲು ಅವನ ನಿದ್ದೆ.

ಮೂರನೇ ದಿನಕ್ಕೇ ಬರೆದಿಟ್ಟೆ: "ಇನ್ನೂ ಯಾಕೆ ನೋಡಿಲ್ಲ?"
ಕಳಿಸುವ ಮೊದಲು ಕೊಟ್ರಬಸಪ್ಪಜ್ಜನಿಗೆ ಓದಿ ಹೇಳಿದೆ.
ಮೊಳೆ ಜೋಡಿಸಿ ಜೋಡಿಸಿ ಬೆರಳ ತುದಿ ಕಪ್ಪಾದವರು,
ಈಗ ಕಾರ್ಡು ಎಣಿಸಿ ಕಟ್ಟು ಕಟ್ಟುವವರು.
"ಅಶೋಕ ರಸ್ತೆ ಗೇಟು ಬಿದ್ದಾಗ ಹಾರನ್ ಹೊಡಿತಾರಲ್ಲ,
ಅದನ್ನ ಕೇಳಿ ರೈಲು ಓಡಿ ಬರ್ತತೇನವಾ?"

ಪಿ.ಜೆ. ಬಡಾವಣೆಯಲ್ಲಿ ಪ್ರೂಫ್ ತಿದ್ದುವ ಮೇಷ್ಟ್ರೊಬ್ಬರಿದ್ದರಂತೆ.
ಕರಡು ಕೊಟ್ಟು ಬಂದ ಮೇಲೆ ಒಂದು ವಾರ ಆ ಬೀದಿಯಲ್ಲೇ ಹಾಯಬಾರದು.
ಆಮೇಲೆ ಒಂದು ಸಲ ಬಾಗಿಲು ತಟ್ಟಬೇಕು,
ಬೆರಳ ಗಂಟಿನಲ್ಲಿ, ಅಂಗೈಯಲ್ಲಲ್ಲ.
ಇನ್ನೊಂದು ವಾರಕ್ಕೆ ಇನ್ನೊಂದು ಸಲ.
"ಮೂರನೇ ಸಲ ತಟ್ಟಬ್ಯಾಡ. ಕಿಟಕ್ಯಾಗ ಹಣಿಕಿ ನೋಡು.
ಜ್ವರ ಗಿರ ಬಂದು ಮಲಗಿರ್ತಾನ."

ಅಳಿಸಿದೆ.
ವಾರ ಕಳೆದು ಬರೆದೆ: ಬಿಡುವಾದಾಗ ಒಮ್ಮೆ ನೋಡಿ.
ಮತ್ತೊಂದು ವಾರಕ್ಕೆ ಅದೇ ಮಾತು, ಜೊತೆಗೆ ಎರಡು ಚಿತ್ರ,
ಮುರಿದ ಹೆಸರು, ಕೂಡಿದ ಹೆಸರು.
ಬರಿಗೈಲಿ ನೆನಪಿಸಿದರೆ ಅದು ಸಾಲ ಕೊಟ್ಟವನ ದನಿ;
ಏನಾದರೂ ಹಿಡಿದು ಹೋಗಬೇಕು,
ನರ್ಗೀಸ್ ಮಂಡಕ್ಕಿಯ ಒಂದು ಪೊಟ್ಟಣವಾದರೂ.

ಮೂರನೇ ಸಲ ಹಣಿಕಿದೆ.
"ಹುಷಾರಾಗಿದ್ದೀರಾ? ಇದಕ್ಕೆ ಅವಸರವಿಲ್ಲ.
ನಿಮಗೆ ಆಗದಿದ್ದರೆ ಯಾರನ್ನು ಕೇಳಲಿ, ಅಷ್ಟು ಹೇಳಿ."
ಬೆಳಗಿನ ಜಾವ ಉತ್ತರ ಬಂತು.
ತೆರೆಯುವ ಮುಂಚೆ ಎದೆ ಡವಡವ,
ಆಸ್ಪತ್ರೆಯೋ ಏನೋ, ಅಯ್ಯೋ ಪಾಪ ಎಂದು.
"ಚೆನ್ನಾಗಿದ್ದೇನೆ. ಪೂರ್ತಿ ಮರೆತುಬಿಟ್ಟಿದ್ದೆ."
ಅಷ್ಟೇ.
ಕೆಳಗೆ ಹನ್ನೊಂದು ಟಿಪ್ಪಣಿ.

ನಾಲ್ಕು ಸಾಲಿಗೆ ಹನ್ನೊಂದು!
"ಕೆಂಪು ಶಾಯಿ ಖರ್ಚು ಮಾಡ್ಯಾನಂದ್ರ
ಓದ್ಯಾನ ಅಂತ ಅರ್ಥ," ಅಜ್ಜ ದಾರ ಹಲ್ಲಲ್ಲಿ ಕಡಿದರು.
ಒಂದೊಂದಕ್ಕೂ ಉತ್ತರಿಸಿದೆ.
ತಿದ್ದಿದ್ದನ್ನು ಹಳೆಯದರ ಮೇಲೆ ಬಳಿಯದೆ ಪಕ್ಕದಲ್ಲಿಟ್ಟೆ,
ಅವನು ಮತ್ತೆ ಮೊದಲಿಂದ ಓದುವಂತಾಗಬಾರದು.
ಏಳನೆಯದಕ್ಕೆ ಮಾತ್ರ ತಲೆ ಬಾಗಲಿಲ್ಲ:
"ಮೊದಲು ಉಚ್ಚರಿಸುವ ಕೊಕ್ಕೆಯನ್ನು ಕೊನೆಗೇಕೆ ಬರೆಯುತ್ತೀರಿ?
ಮುಂದಕ್ಕೆ ತಂದರೆ ಕೋಡು ಸರಳವಾಗುತ್ತದೆ."
ಕೋಡೇನೋ ಆಗುತ್ತದೆ.
ಒಂದನೇ ಕ್ಲಾಸಿನ ಗಿರಿಜಮ್ಮ ಟೀಚರ್ ಬೆತ್ತ ತಗೊಳ್ಳುತ್ತಾರೆ.

ಸಿಟ್ಟಿಗೊಂದು ರಾತ್ರಿ ಕೊಟ್ಟೆ.
ಮರುದಿನ 'ಸೂರ್ಯ' ಎಂದು ಬರೆದು
ಕೈ ಹೋಗುವ ದಾರಿಗೆ ಬಾಣದ ಗುರುತು ಹಾಕಿ ಕಳಿಸಿದೆ.
"ನೀವು ಹೇಳಿದ್ದೇ ಸರಿ," ಎಂದ. ತಾನೂ ಬರೆದು ನೋಡಿದೆ ಎಂದು
ಒಂದು ಕಾಗದದ ಫೋಟೋ.
ಅವನ ಸೂರ್ಯ ಸೊಟ್ಟಗಿತ್ತು. ಅಜ್ಜನಿಗೆ ತೋರಿಸಿದೆ,
ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು.

ಇನ್ನೂ ಸೇರಿಲ್ಲ. ಇನ್ನೊಬ್ಬರು ಒಪ್ಪಬೇಕಂತೆ.

ನಿನ್ನೆ ಮಾಧುರ್ಯ ಬಂದಿದ್ದಳು, ತೊಟ್ಟಿಲ ಕಾರ್ಯದ ಕಾರ್ಡಿಗೆ.
ಮಗುವಿನ ಹೆಸರೇನೆಂದು ಕೇಳಿದೆ.
"ಶೌರ್ಯ."
ಕಟ್ಟು ಕಟ್ಟುತ್ತಿದ್ದ ಅಜ್ಜ ಕೆಮ್ಮಿದರು.
ಕ್ಯಾಲೆಂಡರಿನತ್ತ ತಿರುಗಿದೆ.
ಆ ಇನ್ನೊಬ್ಬರ ಕೈಗೆ ಹೋಗಿ ಆರು ದಿನ.
ನಾಳೆ ತಟ್ಟಬಹುದು,
ಬೆರಳ ಗಂಟಿನಲ್ಲಿ.